ನೋವು ಬರುವ ಮೊದಲೇ

"ಹಲ್ಲು ನೋಯುತ್ತಾ? ಕೀಳಿಸಿಬಿಡು." ನಮ್ಮ ನಾನಿ ಹೀಗೆ ಒಂದೊಂದಾಗಿ ಕೀಳಿಸಿ, ಈಗ ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ತಿನ್ನುತ್ತಾರೆ. ನೋವು ಬಂದಾಗಲೆಲ್ಲ ಲವಂಗ ಇಟ್ಟುಕೊಂಡರು, ತಡೆಯಲಾಗದ ದಿನವಷ್ಟೇ ಡಾಕ್ಟರ್ ಬಳಿ ಹೋದರು.

ಕಳೆದ ತಿಂಗಳು ಅಮ್ಮಿಯನ್ನು ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಸರ್ಕಾರಿ ದಂತ ಕಾಲೇಜಿಗೆ ಕರೆದೊಯ್ದೆ. 1958ರಿಂದ ಇರುವ ಕಾಲೇಜು, ಚಾಮರಾಜಪೇಟೆಯಿಂದ ನಡೆದೇ ಹೋಗಬಹುದು. "ನೋವೇ ಇಲ್ಲ, ಯಾಕೆ ಬೇಟಾ?" ಎಂದು ದಾರಿಯುದ್ದಕ್ಕೂ ಗೊಣಗಿದರು. ನೋಡಿದರೆ ಎರಡು ದವಡೆ ಹಲ್ಲು ಹುಳುಕಾಗಿದ್ದವು. ಹುಳುಕು ನರದವರೆಗೆ ಹೋಗಿರಲಿಲ್ಲ, ತುಂಬಿಸಿದರೆ ಸಾಕಾಯಿತು. ನೋವು ಬರುವವರೆಗೆ ಕಾದಿದ್ದರೆ ರೂಟ್ ಕೆನಾಲ್, ಇಲ್ಲವೇ ಕೀಳುವುದೇ.

ಮಿಸ್ವಾಕ್ ಇದೆಯಲ್ಲ ಎನ್ನುವವರಿದ್ದಾರೆ. ಇರಲಿ, ಸುನ್ನತ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಅದರ ಜೊತೆಗೆ ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನಿಂದಲೂ ಉಜ್ಜಿ. ಟ್ಯೂಬ್ ಮೇಲೆ 1000ದಿಂದ 1500 ಪಿಪಿಎಂ ಎಂದಿರಬೇಕು. ನಿದ್ದೆಯಲ್ಲಿ ಲಾಲಾರಸ ಕಡಿಮೆಯಾಗುವುದರಿಂದ ಸಿಹಿಯಿಂದ ಹುಟ್ಟುವ ಆಮ್ಲ ತೊಳೆದುಹೋಗುವುದಿಲ್ಲ. ರಂಜಾನಿನಲ್ಲಿ ಖಜೂರ, ಶರಬತ್ತು ಮುಗಿಸಿ ಹಾಗೇ ಮಲಗುವ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. (ಗುಟ್ಕಾ ಜಗಿಯುವ ಗೆಳೆಯರಿಗೆ ಬೇರೆಯೇ ಲೇಖನ ಬೇಕು.)

ಪ್ರಿನ್ಸಿಪಾಲರಲ್ಲಿ ಒಂದು ವಿನಂತಿ: ಪೋಷಕರ ಸಭೆಯ ದಿನವೇ ಕಾಲೇಜಿನಲ್ಲಿ ದಂತ ತಪಾಸಣೆ ಶಿಬಿರ ಇಡಿಸಿ. ಮಾರ್ಕ್ಸ್ ಕೇಳಲು ಅಮ್ಮಿಯರು ಹೇಗೂ ಬರುತ್ತಾರೆ.