ಹೊಲದ ದಾರಿಯ ಮಾರ್ಗ ಬದಲಾವಣೆ: ಒಪ್ಪಿಗೆ ನೀಡುವ ಮುನ್ನ

ಜಮೀನಿನ ನಡುವೆ ಹಾದುಹೋಗುವ ಹಳೆಯ ಬಂಡಿದಾರಿಯನ್ನು ಮುಚ್ಚಿ, ಬದಲಿಗೆ ಸರಹದ್ದಿನ ಅಂಚಿನಲ್ಲಿ ದಾರಿ ಬಿಟ್ಟುಕೊಡುವ ಪ್ರಸ್ತಾವನೆಗಳು ಗ್ರಾಮಗಳಲ್ಲಿ ಪದೇ ಪದೇ ವಿವಾದಕ್ಕೆ ಕಾರಣವಾಗುತ್ತಿವೆ. ಬಡಾವಣೆ, ಹೊಸ ತೋಟ, ಕೋಳಿ ಸಾಕಣೆ ಘಟಕ, ಹೆದ್ದಾರಿ ಹೀಗೆ ಹಿನ್ನೆಲೆಗಳು ಹಲವು. ಇಂತಹ ಕೋರಿಕೆಗಳೆಲ್ಲವೂ ದುರುದ್ದೇಶದವು ಎನ್ನಲಾಗದು. ಹನಿ ನೀರಾವರಿ ಅಳವಡಿಸಿದ ಕೃಷಿಕರು ತಮ್ಮ ಅಡಿಕೆ ಸಾಲುಗಳ ನಡುವೆ ಟ್ರ್ಯಾಕ್ಟರ್ ಓಡಾಡುವುದನ್ನು ತಪ್ಪಿಸಲು ಬಯಸುವುದು ಸಹಜವೇ. ಆದರೆ ಆ ದಾರಿಯ ಆಚೆಗೆ ಹೊಲವಿರುವವರ ಪಾಲಿಗೆ ಗೊಬ್ಬರ ಹೋಗುವುದೂ ಫಸಲು ಬರುವುದೂ ಅದೇ ದಾರಿಯಲ್ಲಿ.

ಸರಿಸಲು ಹೊರಟಿರುವ ದಾರಿ ಯಾವ ಬಗೆಯದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಗ್ರಾಮ ನಕಾಶೆಯಲ್ಲಿ ಬಂಡಿದಾರಿಯನ್ನು ಜೋಡಿ ಚುಕ್ಕಿಗೆರೆಯಿಂದಲೂ ಕಾಲುದಾರಿಯನ್ನು ಒಂಟಿ ಚುಕ್ಕಿಗೆರೆಯಿಂದಲೂ ಗುರುತಿಸಲಾಗಿರುತ್ತದೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 67ನೇ ಕಲಮಿನಂತೆ, ಖಾಸಗಿ ಸ್ವತ್ತಲ್ಲದ ಸಾರ್ವಜನಿಕ ರಸ್ತೆ, ಓಣಿ ಹಾಗೂ ಹಾದಿಗಳು ಸರ್ಕಾರಕ್ಕೆ ಸೇರಿದವು. ಸಾರ್ವಜನಿಕರಿಗೆ ಅಗತ್ಯವಿಲ್ಲದ ಹಾದಿಯ ಮೇಲಿನ ಹಕ್ಕುಗಳನ್ನು ಕೊನೆಗೊಳಿಸಲು 68ನೇ ಕಲಮಿನಲ್ಲಿ ಪ್ರತ್ಯೇಕ ವಿಧಾನವಿದೆ. ಆಕ್ಷೇಪಣೆ ಸಲ್ಲಿಸಲು ಅದರಲ್ಲಿ ಅವಕಾಶವುಂಟು. ಆದ್ದರಿಂದ ಅಕ್ಕಪಕ್ಕದ ಹಿಡುವಳಿದಾರರು ತಮ್ಮೊಳಗೆ ಒಪ್ಪಿಕೊಂಡ ಮಾತ್ರಕ್ಕೆ ಸಾರ್ವಜನಿಕ ದಾರಿ ರದ್ದಾಗುವುದಿಲ್ಲ.

ನಕಾಶೆಯಲ್ಲಿಲ್ಲದ, ರೂಢಿಯಿಂದ ಬಂದ ದಾರಿಯ ಸ್ಥಿತಿ ಇದಕ್ಕಿಂತ ನಾಜೂಕಾದುದು. ಈಸ್‌ಮೆಂಟ್ ಕಾಯ್ದೆ ಎಂದು ಪರಿಚಿತವಾಗಿರುವ 1882ರ ಅಧಿನಿಯಮದ 15ನೇ ಕಲಮಿನಂತೆ, ಖಾಸಗಿ ಜಮೀನಿನ ಮೂಲಕ 20 ವರ್ಷ ಶಾಂತಿಯುತವಾಗಿ, ಬಹಿರಂಗವಾಗಿ, ಅಡ್ಡಿಯಿಲ್ಲದೆ, ತನ್ನ ಹಕ್ಕೆಂದೇ ಓಡಾಡಿದವರಿಗೆ ಆ ಹಾದಿಯ ಹಕ್ಕು ಪ್ರಾಪ್ತವಾಗುತ್ತದೆ. ಅಂಥವರು ನೆರೆಯವರ ಬಾಯಿಮಾತು ನಂಬಿ ಹಳೆಯ ದಾರಿ ಬಿಟ್ಟು ಅಂಚಿನ ದಾರಿ ಹಿಡಿದರೆನ್ನೋಣ. ಹೊಸ ದಾರಿಯ ಓಡಾಟ ಹಕ್ಕಿನದಲ್ಲ, ಅನುಮತಿಯದು. ಅನುಮತಿ ಕೊಟ್ಟವರು ಜಮೀನು ಮಾರಿದಲ್ಲಿ, ಕೊಂಡವರು ಅದಕ್ಕೆ ಬದ್ಧರಲ್ಲ ಎಂದು ಅದೇ ಅಧಿನಿಯಮದ 59ನೇ ಕಲಮು ಹೇಳುತ್ತದೆ. ಇತ್ತ ಹಳೆಯ ದಾರಿಯಲ್ಲಿ ಅಷ್ಟರೊಳಗೆ ತೆಂಗಿನ ಸಸಿಗಳು ಎದ್ದಿರುತ್ತವೆ. ಒಳ್ಳೆಯ ನೆರೆಹೊರೆಯ ಮಾತಿನ ಮೇಲೆ ನಡೆದ ಬದಲಾವಣೆಯೇ ಮುಂದಿನ ತಲೆಮಾರಿಗೆ ಎರಡೂ ದಾರಿ ಇಲ್ಲದಂತೆ ಮಾಡುವುದು ಹೀಗೆ. ಜಗಳವಾಡಿ ಮುಚ್ಚಿದ ದಾರಿಗಿಂತ ಸ್ನೇಹದಿಂದ ಸರಿಸಿದ ದಾರಿಯ ಬಗ್ಗೆಯೇ ಹೆಚ್ಚು ಎಚ್ಚರ ಬೇಕು ಎಂದರೆ ಅತಿಶಯೋಕ್ತಿಯಲ್ಲ.

ನಕಾಶೆಯಲ್ಲಿ ಕಂಡ ಕಾಲುದಾರಿ, ಬಂಡಿದಾರಿಗಳಲ್ಲಿ ಕೃಷಿಕರ ಓಡಾಟಕ್ಕೆ ಅವಕಾಶ ಕಲ್ಪಿಸುವಂತೆ ಕಂದಾಯ ಇಲಾಖೆಯು 2023ರ ಅಕ್ಟೋಬರ್‌ನಲ್ಲಿ ತಹಶೀಲ್ದಾರರಿಗೆ ಸುತ್ತೋಲೆ ಹೊರಡಿಸಿತು. ಅದರಲ್ಲಿ ಉಲ್ಲೇಖಿತವಾದ ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮಾಗಿದೆ. ಶಾಂತಿಭಂಗದ ಸಂಭವವಿರುವಾಗ ತಾಲ್ಲೂಕು ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಇದರಡಿ ವಿಚಾರಣೆ ನಡೆಸಿ ಅಡ್ಡಿ ಪಡಿಸದಂತೆ ಆದೇಶಿಸಬಹುದು. ಆದರೆ ಒಂದು ಷರತ್ತಿದೆ. ವರ್ಷವಿಡೀ ಬಳಸುವ ದಾರಿಯಾದರೆ, ದಂಡಾಧಿಕಾರಿಗಳಿಗೆ ಮಾಹಿತಿ ತಲುಪುವುದಕ್ಕೆ ಹಿಂದಿನ 3 ತಿಂಗಳೊಳಗೆ ಅದನ್ನು ಬಳಸಿರಬೇಕು. ಹಂಗಾಮಿನ ದಾರಿಯಾದರೆ ಹಿಂದಿನ ಹಂಗಾಮಿನಲ್ಲಿ ಬಳಸಿರಬೇಕು. ಊರ ಹಿರಿಯರ ಪಂಚಾಯಿತಿ ಮುಗಿಯಲೆಂದು ಆರು ತಿಂಗಳು ಕಾದವರಿಗೆ ಈ ಪರಿಹಾರ ಕೈತಪ್ಪಬಹುದು. ಬಳಿಕ ಉಳಿಯುವುದು ಸಿವಿಲ್ ನ್ಯಾಯಾಲಯದ ದೀರ್ಘ ಹಾದಿ.

ಸರ್ಕಾರಿ ಯೋಜನೆಗಳಿಂದಲೂ ದಾರಿಗಳು ತಿರುವು ಪಡೆಯುತ್ತವೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ವೇಗದ ಹೆದ್ದಾರಿಯಲ್ಲಿ ಈ ನಿಷೇಧಕ್ಕೆ ಸುರಕ್ಷತೆಯ ಸಮರ್ಥನೆಯಿದೆ. ಆದರೆ ಇಂತಹ ಹೆದ್ದಾರಿಯ ಆಚೆ ಬದಿಗೆ ಜಮೀನಿರುವವರಿಗೆ, ಹೊಲ ಎಷ್ಟು ದೂರ ಎಂಬುದನ್ನು ಇನ್ನು ಮುಂದೆ ನಿರ್ಧರಿಸುವುದು ಸಮೀಪದ ಕೆಳಸೇತುವೆ. ಆ ಸೇತುವೆ ತಗ್ಗಿನಲ್ಲಿದ್ದು ನೀರು ನಿಂತರೆ ನಕ್ಷೆಯಲ್ಲಿರುವ ದಾರಿ ನೆಲದಲ್ಲಿ ಇಲ್ಲದಂತೆಯೇ. 2022ರ ಆಗಸ್ಟ್‌ನ ಮಳೆಗೆ ರಾಮನಗರದ ಬಳಿ ಹೆದ್ದಾರಿಯೇ ಜಲಾವೃತವಾದುದನ್ನು ಓದುಗರು ಮರೆತಿರಲಾರರು.

ಇಂಗ್ಲೆಂಡಿನಲ್ಲಿ 1980ರ ಹೆದ್ದಾರಿ ಕಾಯ್ದೆಯ 119ನೇ ಕಲಮಿನಡಿ ಕಾಲುದಾರಿಯನ್ನು ಸರಿಸಲು ಕೋರಬಹುದು. ಹೊಸ ದಾರಿಯು ಸಾರ್ವಜನಿಕರಿಗೆ ಗಣನೀಯವಾಗಿ ಅನನುಕೂಲವಾಗಿರಬಾರದು, ಸ್ಥಳದಲ್ಲಿಯೇ ಸೂಚನಾಪತ್ರ ಹಾಕಬೇಕು, ಆಕ್ಷೇಪಣೆಗೆ ಕನಿಷ್ಠ 28 ದಿನ ನೀಡಬೇಕು. ಹೊಸ ದಾರಿಗೆ ಕಾಮಗಾರಿ ಅಗತ್ಯವಿದ್ದಲ್ಲಿ, ಅದು ಪೂರ್ಣಗೊಂಡಿದೆಯೆಂದು ಪ್ರಾಧಿಕಾರ ಪ್ರಮಾಣೀಕರಿಸುವ ತನಕ ಹಳೆಯದು ಮುಚ್ಚುವಂತಿಲ್ಲ. ಅಲ್ಲಿಯ ಕಾಲುದಾರಿಗಳು ಬಹುಪಾಲು ವಾಯುವಿಹಾರಿಗಳ ಬಳಕೆಯವು, ನಮ್ಮವು ದುಡಿಮೆಯವು. ಹಾಗಿದ್ದರೂ ಈ ಕೊನೆಯ ಕ್ರಮವನ್ನು ನಮ್ಮ ಗ್ರಾಮಸ್ಥರು ತಮ್ಮ ಒಪ್ಪಂದಗಳಲ್ಲಿ ಷರತ್ತಾಗಿ ಬರೆಸಿಕೊಳ್ಳಲು ಅಡ್ಡಿಯೇನಿಲ್ಲ.

ಕೃಷಿಯ ದೃಷ್ಟಿಯಿಂದ ಬದಲಿ ದಾರಿಯನ್ನು ಬೇಸಿಗೆಯಲ್ಲಿ ಬರಿಗೈಯಲ್ಲಿ ನಡೆದು ಒಪ್ಪಬಾರದು. ಎರೆ ಭೂಮಿಯಲ್ಲಿ ಎರಡು ಹದ ಮಳೆಯ ನಂತರ, ಹೇರು ತುಂಬಿದ ಟ್ರೇಲರ್‌ನೊಂದಿಗೆ ಅದನ್ನು ಪರೀಕ್ಷಿಸಬೇಕು. ಬಂಡಿಗೆ ಸಾಕಾಗಿದ್ದ ಅಗಲವು ಕಟಾವು ಯಂತ್ರಕ್ಕೆ ಸಾಲದು. ಅಂಚಿನ ದಾರಿಯಲ್ಲಿ ಬರುವ ಲಂಬಕೋನದ ತಿರುವುಗಳಲ್ಲಿ ಕಬ್ಬಿನ ಗಾಡಿ ಸಿಕ್ಕಿಕೊಳ್ಳುತ್ತದೆ. ಕಟಾವಾದ ಕಬ್ಬು 24 ಗಂಟೆಯೊಳಗೆ ಕಾರ್ಖಾನೆ ತಲುಪದಿದ್ದಲ್ಲಿ ತೂಕವೂ ಸಕ್ಕರೆ ಅಂಶವೂ ಇಳಿಯತೊಡಗುವುದರಿಂದ ಇದು ನೇರ ನಷ್ಟ. ಸುತ್ತು 600 ಮೀಟರ್ ಹೆಚ್ಚಿದರೆ, ದಿನಕ್ಕೆರಡು ಬಾರಿ ಮೇವಿನ ಹೊರೆ ತರುವ ಮಹಿಳೆ ಹೋಗಿ ಬರಲು 2.4 ಕಿಲೋಮೀಟರ್ ಹೆಚ್ಚು ನಡೆಯಬೇಕಾಗುತ್ತದೆ. ಸ್ಥಳ ಪರಿಶೀಲನೆಯ ಮಹಜರಿನಲ್ಲಿ ಇಂತಹ ವಿವರ ದಾಖಲಾಗುವಂತೆ ಲಿಖಿತವಾಗಿ ಕೋರಬೇಕು.

ಒಪ್ಪಿಗೆಯಾದಲ್ಲಿ ಅಗಲ, ಉದ್ದ, ಸರ್ವೆ ನಂಬರುಗಳನ್ನು ನಮೂದಿಸಿದ ಅಳತೆ ನಕ್ಷೆಯೊಡನೆ ನೋಂದಾಯಿತ ಪತ್ರ ಮಾಡಿಸಿ, ಪಹಣಿಯ ಇತರ ಹಕ್ಕುಗಳ ಅಂಕಣದಲ್ಲಿ ಅದನ್ನು ದಾಖಲಿಸಲು ಅರ್ಜಿ ಸಲ್ಲಿಸಬೇಕು. ಒಪ್ಪಿಗೆಯಿಲ್ಲದಿದ್ದಲ್ಲಿ ಗ್ರಾಮ ನಕಾಶೆಯ ದೃಢೀಕೃತ ಪ್ರತಿ ಮತ್ತು ದಾರಿಯ ಇತ್ತೀಚಿನ ಬಳಕೆ ತೋರಿಸುವ ದಿನಾಂಕಸಹಿತ ಛಾಯಾಚಿತ್ರಗಳೊಂದಿಗೆ ತಹಶೀಲ್ದಾರರಿಗೆ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆಯಬೇಕು. ಬೇಲಿಯ ಕಂಬ ನೆಟ್ಟ ದಿನದಿಂದಲೇ ಮೇಲೆ ಹೇಳಿದ 3 ತಿಂಗಳನ್ನು ಲೆಕ್ಕ ಹಾಕಿಕೊಳ್ಳುವುದು ಲೇಸು.