ಹೆಸರೊಂದೇ ಸಾಲದು

ತಿರುವಾಂಕೂರಿನಲ್ಲಿ ದೊರೆತ ಚೆರಲೈಟ್, ಚೇರ ನಾಡಿನ ಹೆಸರು ಹೊತ್ತು 1953ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ವಿರಳ ಥೋರಿಯಂ ಫಾಸ್ಫೇಟ್ ಖನಿಜ. ಇದು ಮೊನಜೈಟ್ ಗುಂಪಿಗೆ ಸೇರಿದುದು. ಮೊನಜೈಟಿನಲ್ಲಿ ಎರಡು ವಿರಳ ಭಸ್ಮ ಅಯಾನುಗಳಿರುವ ಸ್ಥಾನವನ್ನು ಇಲ್ಲಿ ಕ್ಯಾಲ್ಸಿಯಂ ಮತ್ತು ಥೋರಿಯಂ ಜೋಡಿಯಾಗಿ ತುಂಬುತ್ತವೆ. ವಿದ್ಯುದಾವೇಶದ ಲೆಕ್ಕ ಸರಿದೂಗುತ್ತದೆ. ಈ ಬದಲಾವಣೆ ಹಂತಹಂತವಾಗಿ ಆಗುವುದರಿಂದ ಖನಿಜಗಳ ನಡುವಿನ ಗಡಿಯನ್ನು ಘಟಕಪ್ರಮಾಣವೇ ನಿರ್ಧರಿಸುತ್ತದೆ. 2007ರಲ್ಲಿ ‘ಬ್ರಬಾಂಟೈಟ್’ ಎಂಬ ಹೆಸರನ್ನು ಕೈಬಿಟ್ಟು, ಕ್ಯಾಲ್ಸಿಯಂ-ಥೋರಿಯಂ ಪ್ರಧಾನ ಖನಿಜಕ್ಕೆ ಚೆರಲೈಟ್ ಎಂಬ ಹೆಸರನ್ನೇ ನಿಗದಿಪಡಿಸಲಾಯಿತು.

ಸುಂಕಪಟ್ಟಿಯಲ್ಲಿ ಯುರೇನಿಯಂ ಮತ್ತು ಥೋರಿಯಂ ಅದಿರುಗಳಿಗೆ 2612 ಎಂಬ ಪ್ರತ್ಯೇಕ ಶೀರ್ಷಿಕೆಯುಂಟು. ಹೆಸರು ಬದಲಾಗಬಹುದು, ಥೋರಿಯಂ ಬದಲಾಗದು. ಆದುದರಿಂದ ಇಂತಹ ಖನಿಜಗಳ ಸರಕುಪಟ್ಟಿಯೊಡನೆ ಪ್ರಯೋಗಾಲಯದ ವಿಶ್ಲೇಷಣಾ ವರದಿಯನ್ನೂ ಲಗತ್ತಿಸುವ ಪದ್ಧತಿ ಕಡ್ಡಾಯವಾಗಬೇಕು.