ಚದರ ಅಡಿ ಲೆಕ್ಕಕ್ಕೆ ಚಿಗರಿ ದಕ್ಕುವುದಿಲ್ಲ

ಗೋಡೆಯ ಮೇಲೆ ಚಿತ್ರ ಬರೆಯುವ ಕೂಲಿಯನ್ನು ನಮ್ಮಲ್ಲಿ ಚದರ ಅಡಿಗೆ ಇಷ್ಟು ಎಂದು ಕಟ್ಟುತ್ತಾರೆ. ಸುಣ್ಣ ಬಳಿಯುವವನಿಗೂ ಅದೇ ಟೇಪು, ಆನೆ ಬರೆಯುವವನಿಗೂ ಅದೇ ಟೇಪು. ನವನಗರದಲ್ಲಿ ಮನೆ ಮಾಡಿಕೊಂಡು, ಹುಬ್ಬಳ್ಳಿ-ಧಾರವಾಡದ ಕಾಂಪೌಂಡ್ ಗೋಡೆಗಳ ಮೇಲೆ ಪ್ರಾಣಿ-ಪಕ್ಷಿ ಬರೆದು ಬದುಕುತ್ತಿರುವವನು ನಾನು. ಕೂಲಿ ಕಡಿಮೆಯಾಯಿತು ಎಂದು ಗೋಳಾಡಲು ಇದನ್ನು ಬರೆಯುತ್ತಿಲ್ಲ; ಕಡಿಮೆ ಎನ್ನದ ಕಸುಬುದಾರ ಯಾರಿದ್ದಾನೆ? ಈ ಅಳತೆಯ ಪದ್ಧತಿಯೇ ನಮ್ಮ ಗೋಡೆಗಳ ಮೇಲೆ ಸುಳ್ಳು ಪ್ರಾಣಿಗಳನ್ನು ಹುಟ್ಟಿಸುತ್ತಿದೆ ಎಂಬುದು ನನ್ನ ತಕರಾರು.

ಹೇಗೆ ಎಂದರೆ, ರಸ್ತೆ, ಗಟಾರ, ಫುಟ್‌ಪಾತ್ ಎಲ್ಲ ಸೇರಿದ ಒಂದು ದೊಡ್ಡ ಕಾಮಗಾರಿ ಇರುತ್ತದೆ. ಅದರ ಎಸ್ಟಿಮೇಟಿನ ಕೊನೆಯಲ್ಲೆಲ್ಲೋ ಗೋಡೆಚಿತ್ರದ ಒಂದು ಸಾಲು. ಟೆಂಡರ್ ಹಿಡಿದವರು ಆ ಸಾಲನ್ನು ಒಳಗುತ್ತಿಗೆ ಕೊಡುತ್ತಾರೆ, ಅವರು ಮತ್ತೊಬ್ಬರಿಗೆ. ಬ್ರಷ್ ಹಿಡಿಯುವವನ ತನಕ ಬರುವಷ್ಟರಲ್ಲಿ ದರವೂ ಸವೆದಿರುತ್ತದೆ, ಗಡುವೂ ಸವೆದಿರುತ್ತದೆ. ಸ್ವಚ್ಛ ಸರ್ವೇಕ್ಷಣೆಯ ತಂಡ ಬರುವುದರೊಳಗೆ, ಇಲ್ಲವೇ ಮಂತ್ರಿಗಳ ಕಾರು ಹಾಯುವುದರೊಳಗೆ ಗೋಡೆ ತುಂಬಬೇಕು. ಸ್ಕೆಚ್ ಹಾಕಿದ್ದಕ್ಕೆ ದುಡ್ಡಿಲ್ಲ, ಪ್ರಾಣಿಯನ್ನು ಹೋಗಿ ನೋಡಿ ಬಂದದ್ದಕ್ಕಂತೂ ಕೇಳಲೇಬೇಡಿ. ಆಗ ಪೇಂಟರ್ ಏನು ಮಾಡಬೇಕು? ಮೊಬೈಲ್ ತೆಗೆಯುತ್ತಾನೆ, ಮೊದಲು ಕಂಡ ಫೋಟೊ ಹಿಡಿಯುತ್ತಾನೆ, ಗೋಡೆಗೆ ಚೌಕ ಹೊಡೆದು ಹಿಗ್ಗಿಸುತ್ತಾನೆ. ಸಂಜೆಯೊಳಗೆ ಬಿಲ್ಲಿಗೆ ಬೇಕಾದಷ್ಟು ಅಡಿ ತುಂಬಿರುತ್ತದೆ.

ಫಲ ನಿಮ್ಮ ಕಣ್ಣೆದುರೇ ಇದೆ. ಅವಳಿ ನಗರವೇ ಆಗಬೇಕೆಂದಿಲ್ಲ, ರಾಜ್ಯದ ಯಾವುದೇ ಊರಿನ ಶಾಲೆ, ಕಚೇರಿಗಳ ಗೋಡೆ ನೋಡಿ. ಆಫ್ರಿಕಾದ ಜೀಬ್ರಾ, ಹಿಮದ ಮೇಲಿನ ಪೆಂಗ್ವಿನ್, ತೆಂಗಿನ ಮರದ ಕೆಳಗೆ ಸಿಂಹ. ಮರಿಗೆ ಗುಟುಕು ಕೊಡುತ್ತಿರುವ ತಾಯಿ ನವಿಲಿಗೂ ಉದ್ದದ ಗರಿ. ಚಿಗರಿಯ, ಅಂದರೆ ಕೃಷ್ಣಮೃಗದ, ತಲೆಗೆ ಚುಕ್ಕೆ ಜಿಂಕೆಯ ಕವಲು ಕೊಂಬು. ದಾಂಡೇಲಿ ಕಡೆಯ ಹಕ್ಕಿಯೊಂದು ಬೇಕೆಂದು ಒಬ್ಬರು ನನಗೆ ಗೋಡೆ ಕೊಟ್ಟಿದ್ದರು. ನಾನು ಮಂಗಟ್ಟೆ ಹಕ್ಕಿಯ ಸ್ಕೆಚ್ ಒಯ್ದೆ. ಅವರು ತಮ್ಮ ಫೋನ್ ಮುಂದೆ ಹಿಡಿದು, "ಅದು ಬ್ಯಾಡ್ರಿ, ಬಣ್ಣ ಎದ್ದ ಕಾಣೂದಿಲ್ಲ, ಇದನ್ನ ಬರೀರಿ" ಎಂದರು. ಫೋನಿನಲ್ಲಿದ್ದದ್ದು ದಕ್ಷಿಣ ಅಮೆರಿಕದ ಟೂಕನ್. ನಾಲ್ಕು ಬಗೆಯ ಮಂಗಟ್ಟೆ ಇರುವ ಕಾಡು ನಮ್ಮ ಮಗ್ಗುಲಲ್ಲೇ ಇದೆ, ಗೋಡೆಗೆ ಮಾತ್ರ ಕಡಲಾಚೆಯ ಹಕ್ಕಿ ಬೇಕು. ವಾದ ಮಾಡಿದೆ, ಗೋಡೆ ಇನ್ನೊಬ್ಬರ ಪಾಲಾಯಿತು.

ಯಾವ ಹಕ್ಕಿಯಾದರೇನು, ಚಂದ ಕಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಮನೆಯ ಒಳಗಿನ ಗೋಡೆಯಾದರೆ ಸಾಕು, ಅದು ಅವರವರ ಖುಷಿ. ಸಾರ್ವಜನಿಕ ಗೋಡೆಯ ಮಾತೇ ಬೇರೆ. ಅದು ತೆರಿಗೆಯ ದುಡ್ಡಿನಲ್ಲಿ ಬರೆಸಿದ ಪಾಠ, ಶಾಲೆಯ ಮಗು ಅದನ್ನು ದಿನಕ್ಕೆ ಎರಡು ಸಲ ಓದುತ್ತದೆ. ಪಠ್ಯಪುಸ್ತಕದಲ್ಲಿ ಆಕಳ ಚಿತ್ರದ ಕೆಳಗೆ ಒಂಟೆ ಎಂದು ಅಚ್ಚಾದರೆ ಸುಮ್ಮನಿರುತ್ತೇವೆಯೇ?

ಚಿಗರಿಯನ್ನೇ ತೆಗೆದುಕೊಳ್ಳಿ. 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಬಿಆರ್‌ಟಿಎಸ್ ಬಸ್ಸುಗಳು ಓಡಲು ಶುರುವಾದಾಗ ಅವುಗಳಿಗೆ ಇಟ್ಟದ್ದು ಇದೇ ಪ್ರಾಣಿಯ ಹೆಸರು. ನವನಗರದ ನಿಲ್ದಾಣದಲ್ಲಿ ನಿತ್ಯ ಚಿಗರಿ ಹತ್ತಿ ಇಳಿಯುವ ಕಾಲೇಜು ಹುಡುಗರನ್ನು, ಅದರ ಹೆಣ್ಣಿಗೆ ಕೊಂಬು ಇರುತ್ತದೆಯೇ ಎಂದು ಕೇಳಿ ನೋಡಿ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ತಪ್ಪು ಅವರದಲ್ಲ. ಅವರು ನೋಡಿ ಬೆಳೆದ ಗೋಡೆಗಳಲ್ಲಿ ಹುಲಿ ಇತ್ತು, ಸಿಂಹ ಇತ್ತು, ಚಿಗರಿ ಇರಲಿಲ್ಲ.

ಬರೆಯುವುದು ಸುಲಭವೂ ಅಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇಲ್ಲಿಂದ ನೂರು ಕಿಲೋಮೀಟರಿನ ಆಸುಪಾಸು. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಆ ಜಾಗಕ್ಕೆ ಬೆಳಗಿನ ಹೊತ್ತು ಹೋಗಿ ಕೂತರೆ ಅಂಗಡಿಯ ಕ್ಯಾಲೆಂಡರ್ ಕಲಿಸದ ಸಂಗತಿಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಗಂಡು ಹುಟ್ಟುತ್ತಲೇ ಕಪ್ಪಲ್ಲ. ಎಳೆಯ ಗಂಡಿನ ಮೈಯೂ ತಾಯಿಯ ಹಾಗೆ ಕಂದು, ವಯಸ್ಸಾದಂತೆ ಬೆನ್ನು ಕಪ್ಪೇರುತ್ತದೆ. ಹೊಟ್ಟೆ, ಗದ್ದ, ಕಣ್ಣಿನ ಸುತ್ತಲಿನ ಉಂಗುರ ಬಿಳಿ. ಕೊಂಬು ಕವಲೊಡೆಯುವುದಿಲ್ಲ, ತಿರುಪಿನಂತೆ ಸುತ್ತಿ ಮೇಲೇರುತ್ತದೆ, ಮೈತುಂಬ ಗೆಣ್ಣು. ಚುಕ್ಕೆ ಜಿಂಕೆಯ ಕೊಂಬಿನ ಹಾಗೆ ಇದು ಉದುರಿ ಹೊಸದಾಗಿ ಹುಟ್ಟುವುದೂ ಇಲ್ಲ. ಹೆಣ್ಣು ಸಾಮಾನ್ಯವಾಗಿ ಬೋಳುತಲೆ.

ಇನ್ನು ಆ ಕಪ್ಪು. ಡಬ್ಬಿಯ ಕಪ್ಪನ್ನು ಹಾಗೇ ಬಳಿದರೆ ಗೋಡೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ, ಪ್ರಾಣಿಯ ಮೈ ಕಾಣುವುದಿಲ್ಲ. ನಾನು ಬರ್ನ್ಟ್ ಅಂಬರ್‌ಗೆ ಅಲ್ಟ್ರಾಮರೀನ್ ನೀಲಿ ಕೂಡಿಸಿ ಕಪ್ಪು ಮಾಡಿಕೊಳ್ಳುತ್ತೇನೆ. ಬಿಸಿಲು ಬೀಳುವ ಬೆನ್ನಿನ ಏಣಿಗೆ ಅಂಬರ್ ಹೆಚ್ಚು, ಪಕ್ಕೆಯ ನೆರಳಿಗೆ ನೀಲಿ ಹೆಚ್ಚು. ಕಪ್ಪು ಮುಗಿದು ಬಿಳಿ ಶುರುವಾಗುವ ಗೆರೆಯನ್ನು ಸ್ಕೇಲ್ ಇಟ್ಟು ಎಳೆದರೆ ಪ್ರಾಣಿ ಸತ್ತಿತು. ಒಣಗಿದ ಬ್ರಷ್ಷಿನ ತುದಿಯಿಂದ ಕೂದಲಿನ ದಿಕ್ಕಿಗೇ ಎಳೆಯಬೇಕು. ಒಂದು ಗಂಡು, ನಾಲ್ಕು ಹೆಣ್ಣು, ಕಾಲಡಿಯ ಹುಲ್ಲು ಇಷ್ಟಕ್ಕೆ ತಗಲುವ ಹೊತ್ತಿನಲ್ಲಿ ಸೂರ್ಯ, ಬೆಟ್ಟ, ತೆಂಗಿನ ಮರಗಳ ಸೀನರಿ ಮೂರು ಪಟ್ಟು ಗೋಡೆ ತುಂಬುತ್ತದೆ. ಟೇಪಿಗೆ ಎರಡೂ ಒಂದೇ.

ಹುಲ್ಲಿನ ಮಾತು ಬಂತಲ್ಲ, ಅದನ್ನು ಬರೆಯಲು ಹೋದರೆ ಬರೆಸುವವರು ಮುಖ ಸಿಂಡರಿಸುತ್ತಾರೆ. "ಬ್ಯಾಸಿಗಿ ಆದಂಗ ಕಾಣತೈತ್ರಿ, ಸ್ವಲ್ಪ ಹಸರ ಹಾಕ್ರಿ." ಕಾಡು ಎಂದರೆ ಹಸಿರು ಮರ ಎಂದು ನಮ್ಮ ತಲೆಯಲ್ಲಿ ಕೂತಿದೆ. ಬಯಲುಸೀಮೆಯ ಒಣ ಹುಲ್ಲುಗಾವಲು ಸರ್ಕಾರಿ ಕಡತಗಳಲ್ಲಿ ಬಹಳ ಕಾಲ ಪಾಳು ಭೂಮಿ. ರಾಣೆಬೆನ್ನೂರಿನ ಹುಲ್ಲಿನ ಮೇಲೂ ನೀಲಗಿರಿ ಎಬ್ಬಿಸಿದೆವು. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪುಸ್ತಕಗಳು ಕರೆಯುವ ಎರೆಭೂತ ಒಂದು ಕಾಲಕ್ಕೆ ಅಲ್ಲಿ ಇತ್ತು. ಇವತ್ತು ರಾಜ್ಯದಲ್ಲಿ ಅದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ಗೋಡೆಯ ಮೇಲೂ ಒಣ ಹುಲ್ಲಿಗೆ ಜಾಗವಿಲ್ಲ ಎಂದಾದರೆ ಈ ಸೀಮೆಯ ಮಗು ತನ್ನ ನೆಲವನ್ನೇ ಬರಡು ಎಂದು ತಿಳಿದು ಬೆಳೆಯುತ್ತದೆ.

ಚಿಗರಿಯನ್ನು ಮುದ್ದು ಮಾಡಿ ತೋರಿಸಿದರೂ ನಡೆಯುವುದಿಲ್ಲ. ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳ ಜನ ಬರುತ್ತಾರೆ. ಆ ಕಡೆಯ ರಸ್ತೆಯಲ್ಲಿ ನಾನು ಕೆಲಸ ಮಾಡುವಾಗ ಗದಗ ಕಡೆಯ ರೈತರೊಬ್ಬರು ಬಹಳ ಹೊತ್ತು ನಿಂತು ನೋಡಿದರು. "ಬರದದ್ದ ಚಂದ ಐತ್ರಿ. ಆದ್ರ ಹೆಸರಿನ ಹೊಲಕ್ಕ ಇಳದಾಗ ಇಷ್ಟ ಚಂದ ಕಾಣೂದಿಲ್ಲ ನೋಡ್ರಿ" ಎಂದರು. ಹಾವೇರಿ, ಗದಗ, ಕೊಪ್ಪಳದ ರೈತರ ಬಾಯಲ್ಲಿ ಈ ಮಾತು ಹೊಸದಲ್ಲ. ವನ್ಯಜೀವಿ ಕಲಾವಿದ ಎಂದು ಹೇಳಿಕೊಳ್ಳುವವರಿಗೆ ಆ ಹೊಲದ ನಷ್ಟವೂ ಗೊತ್ತಿರಬೇಕು. ಬಂಡೀಪುರದ ಅಂಚಿನ ಮಂಗಲ ಗ್ರಾಮದಲ್ಲಿ ನೆಲೆಸಿದ ಚಿತ್ರಕಲಾವಿದೆ ಸುನೀತಾ ಧೈರ್ಯಂ ನನಗೆ ಮೇಲ್ಪಂಕ್ತಿಯಾಗಿ ಕಾಣುವುದು ಇದಕ್ಕೇ. ಅವರು ಬರೆಯುವುದು ಆ ಕಾಡಿನ ಪ್ರಾಣಿಗಳನ್ನು. ಅವರ ಮಾರಿಯಮ್ಮ ಟ್ರಸ್ಟ್ ಹುಲಿ, ಚಿರತೆಯ ಬಾಯಿಗೆ ದನ ಕಳೆದುಕೊಂಡವರ ನೆರವಿಗೆ ನಿಂತಿತು. ಚಿತ್ರವೂ ದನಗಾಹಿಯ ನಷ್ಟವೂ ಒಂದೇ ಲೆಕ್ಕದಲ್ಲಿ ಬಂದದ್ದು ನಮ್ಮಲ್ಲಿ ಅಪರೂಪ.

"ಹುಲಿ ಬರೀರಿ, ಹುಲಿ ಅಂದ್ರ ಮಂದಿ ನಿಂತ ನೋಡ್ತಾರ" ಎಂಬುದು ಅಧಿಕಾರಿಗಳ ಇನ್ನೊಂದು ವಾದ. ಮಂದಿ ತಮ್ಮದನ್ನೂ ನಿಂತು ನೋಡುತ್ತಾರೆ ಎನ್ನಲು ಪುರಾವೆ ಇಲ್ಲೇ ಇದೆ. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಉತ್ಸವ ರಾಕ್ ಗಾರ್ಡನ್ ಕಟ್ಟಿದರು. ಅಲ್ಲಿರುವುದು ಎತ್ತು, ಎಮ್ಮೆ, ಕುರಿ, ಕುರುಬ, ಬೀಸುವವರು, ಕುಟ್ಟುವವರು. ಎತ್ತಿನ ಹಗ್ಗದ ಗಂಟಿನ ತನಕ ಎಲ್ಲವೂ ನಮ್ಮ ಸೀಮೆಯದು. 2020ರಲ್ಲಿ ಅವರು ತೀರಿಕೊಂಡರು. ಜನ ಇಂದಿಗೂ ಟಿಕೆಟ್ ಕೊಂಡು ತಮ್ಮದೇ ಊರಿನ ಬಾಳನ್ನು ನೋಡಲು ಬರುತ್ತಾರೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಒಂದು ಮೊಸಳೆ ಇಟ್ಟರು. ಊರಿಗೆ ಊರೇ ನೋಡಿತು, ಗುಂಡಿಯೂ ಮುಚ್ಚಿತು. ಎಷ್ಟು ಚದರ ಅಡಿ ಎಂದು ಯಾರೂ ಕೇಳಲಿಲ್ಲ.

ಗೋಡೆ ಸಿಗುತ್ತಿರುವುದೇ ಪುಣ್ಯ, ತಕರಾರು ತೆಗೆಯಬೇಡ ಎನ್ನುವ ಗೆಳೆಯರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆ. ಫ್ಲೆಕ್ಸ್ ಬಂದು ಸಿನಿಮಾ ಬ್ಯಾನರ್ ಬರೆಯುವವರ, ಬೋರ್ಡ್ ಬರೆಯುವವರ ಕೈ ಕಟ್ಟಿಹಾಕಿತು. 2009ರಲ್ಲಿ ಬೆಂಗಳೂರಿನ ಪಾಲಿಕೆ ಅಂಥವರನ್ನೇ ಕರೆದು ನಗರದ ಗೋಡೆಗಳನ್ನು ಕೊಟ್ಟಾಗ ಎಷ್ಟೋ ಮನೆಗಳ ಒಲೆ ಉರಿಯಿತು. ಆದರೆ ಬಣ್ಣದ ಡಬ್ಬಿಯಷ್ಟೇ ಗಮನವನ್ನು ಚಿತ್ರದೊಳಗಿನ ಪ್ರಾಣಿಗೂ ಕೊಡಿ ಎಂದರೆ ಯಾರ ಒಲೆಯೂ ಆರುವುದಿಲ್ಲ.

ಬಾಳಿಕೆಯ ಮಾತೂ ಇದೆ. ನಮ್ಮದು ಎರೆ ನೆಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಜೊತೆಗೆ ಕಾಂಪೌಂಡ್ ಗೋಡೆಯೂ ಬಿರಿಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ ಮುಂಗಾರಿನ ಹೊಡೆತವನ್ನೂ ಇಳಿಬಿಸಿಲನ್ನೂ ಉಣ್ಣುತ್ತದೆ. ಪ್ರೈಮರ್ ಇಲ್ಲದೆ ಅಗ್ಗದ ಡಿಸ್ಟೆಂಪರ್ ಬಳಿದರೆ ಎರಡು ಮಳೆಗಾಲಕ್ಕೆ ಗೋಡೆ ಉಪ್ಪು ಕಾರಿ ಚಿತ್ರ ಚಕ್ಕೆ ಏಳುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆನಕಲ್ಲಿನ ಬಂಡೆಗಳ ಮೇಲೆ ಕೆಂಪು ಕಾವಿಯಲ್ಲಿ ಬರೆದ ಪ್ರಾಣಿಗಳು ಸಾವಿರಾರು ವರ್ಷದ ಮೇಲೂ ಗುರುತು ಸಿಗುತ್ತವೆ. ಬರೆದವರು ಆ ಪ್ರಾಣಿಗಳನ್ನು ಕಂಡಿದ್ದರು, ಅವರ ಬಣ್ಣ ಮಣ್ಣಿನದಾಗಿತ್ತು. ಇವತ್ತಿಗೂ ಬಿಸಿಲಿಗೆ ಬೇಗ ಸೋಲದ ಬಣ್ಣಗಳೆಂದರೆ ರೆಡ್ ಆಕ್ಸೈಡ್, ಯೆಲ್ಲೋ ಆಕರ್‌ನಂಥ ಮಣ್ಣಿನ ಬಣ್ಣಗಳೇ. ಬಯಲುಸೀಮೆಯ ಪ್ರಾಣಿಗಳಿಗೆ ಬೇಕಾದದ್ದೂ ಅವೇ.

ಮಹಾನಗರ ಪಾಲಿಕೆಗೆ, ಇತರ ಇಲಾಖೆಗಳಿಗೆ ನನ್ನ ಬೇಡಿಕೆ ಉದ್ದವಿಲ್ಲ. ಗೋಡೆಚಿತ್ರವನ್ನು ಸಿವಿಲ್ ಕಾಮಗಾರಿಯ ಬಾಲದಿಂದ ಬಿಡಿಸಿ ಕಲಾವಿದರಿಗೇ ನೇರವಾಗಿ ಕೊಡಿ. ಅಧ್ಯಯನಕ್ಕೆ, ಸ್ಕೆಚ್‌ಗೆ ಪ್ರತ್ಯೇಕ ಮೊತ್ತ ಇಡಿ. ಉಳಿದದ್ದಕ್ಕೆ ಬೇಕಾದರೆ ಟೇಪು ಹಿಡಿಯಿರಿ. ಸ್ಕೆಚ್ಚನ್ನು ಅರಣ್ಯ ಇಲಾಖೆಯವರಿಗೋ, ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರಿಗೋ ಒಮ್ಮೆ ತೋರಿಸಿ. ಅರ್ಧ ಗಂಟೆಯ ಕೆಲಸ. ಯಾವ ಪ್ರಾಣಿ ಬರೆಸಬೇಕೆಂದು ತಲೆ ಕೆರೆದುಕೊಳ್ಳಬೇಕಿಲ್ಲ. ರಾಣೆಬೆನ್ನೂರಿನ ಚಿಗರಿ, ಕಪ್ಪತಗುಡ್ಡದ ತೋಳ ಮತ್ತು ಕತ್ತೆಕಿರುಬ, ಬಂಕಾಪುರ ಕೋಟೆಯ ನವಿಲು, ದಾಂಡೇಲಿಯ ಮಂಗಟ್ಟೆ, ಉಣಕಲ್ ಕೆರೆಯ ನೀರುಕಾಗೆ ಇವೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಇದೆ. ಚಿತ್ರದ ಕೆಳಗೆ ಪ್ರಾಣಿಯ ಹೆಸರು, ಅದು ಇರುವ ಜಾಗ, ಬರೆದವರ ಹೆಸರು ಮೂರೂ ಇರಲಿ. ಹೆಸರು ಹಾಕಿದ ಮೇಲೆ ತಪ್ಪು ಬರೆಯಲು ಯಾವ ಪೇಂಟರಿಗೂ ಕೈ ಬರುವುದಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಕಸುಬಿಗೆ ದ್ರೋಹ. ರಸ್ತೆ ಅಗಲ ಮಾಡಲು ಮರ ಕಡಿದು, ಅದೇ ಜಾಗದ ಗೋಡೆಯ ಮೇಲೆ ಹಕ್ಕಿ ಕೂತ ಮರ ಬರೆಸುವ ಚಾಳಿ ನಿಲ್ಲಬೇಕು. ಗೋಡೆಯ ಮರಕ್ಕೆ ನೆರಳಿಲ್ಲ. ಅಲ್ಲಿ ಚಿತ್ರದ ದುಡ್ಡಿನಲ್ಲಿ ಬೇವು, ಹೊಂಗೆ ನೆಡಿ. ಆ ಕೂಲಿ ನನಗೆ ತಪ್ಪಿದರೆ ಬೇಸರವಿಲ್ಲ.

ಓದುಗರಿಗೂ ಒಂದು ವಿನಂತಿ. ನಿಮ್ಮ ಓಣಿಯ ಶಾಲೆಯ ಗೋಡೆಗೆ ಬಣ್ಣದವರು ಬಂದಾಗ ಒಂದು ನಿಮಿಷ ನಿಂತು, ಇದು ಯಾವ ಪ್ರಾಣಿ, ಎಲ್ಲಿಯದು ಎಂದು ಕೇಳಿ. ಉತ್ತರ ಬಾರದಿದ್ದರೆ ಬರೆಯುವವನನ್ನು ಬೈಯಬೇಡಿ. ಬರೆಸಿದವರ ಕಚೇರಿಗೆ ಒಂದು ಅರ್ಜಿ ಹಾಕಿ.